ಮಧ್ಯಾಹ್ನದ ಲೆನ್ಸು, ಸಂಜೆಯ ಬೆನ್ನು

"ಎಫ್ 8 ಲೆನ್ಸಾ? ಅದು ಮಧ್ಯಾಹ್ನದ ಲೆನ್ಸು ಗುರೂ. ಬಿಸಿಲು ಇಳಿದ ಮೇಲೆ ಅದರಲ್ಲಿ ಏನು ತೆಗೀತೀಯ?"

2023ರಲ್ಲಿ ನಿಕಾನ್ ಕಿಟ್ ಪೂರ್ತಿ ಮಾರಿ ಕ್ಯಾನನ್ ಆರ್10 ಕ್ಯಾಮೆರಾ ಮತ್ತು ಆರ್‌ಎಫ್ 100-400 ಲೆನ್ಸು ತೆಗೆದುಕೊಂಡಾಗ ಗೆಳೆಯನೊಬ್ಬ ಹೀಗಂದ. ಎಫ್ 8 ಅಂದರೆ ಲೆನ್ಸು ಒಳಗೆ ಬಿಡುವ ಬೆಳಕು ಕಮ್ಮಿ. ನಮ್ಮ ಹಕ್ಕಿ ಫೋಟೊ ಗುಂಪಿನಲ್ಲಿ ಎಲ್ಲರದ್ದೂ ಇದೇ ಮಾತು. ಒಬ್ಬರಂತೂ ಆಟಿಕೆ ಅಂದರು. ಕಳೆದ ಫೆಬ್ರವರಿಯಲ್ಲಿ ರಂಗನತಿಟ್ಟಿನಲ್ಲಿ ಅದೇ ಆಟಿಕೆಯಿಂದ ತೆಗೆದ ಹೆಜ್ಜಾರ್ಲೆಯನ್ನು ಎರಡಡಿ ಅಗಲಕ್ಕೆ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ನೇತು ಹಾಕಿದ್ದೇನೆ. ಮನೆಗೆ ಬಂದ ಗುಂಪಿನವರು ಯಾವ ಲೆನ್ಸು ಅಂತ ಕೇಳಿದರು. ಹೇಳಿದೆ. ಸುಮ್ಮನೆ ಕಾಫಿ ಕುಡಿದರು.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಇದೇ ಕಾಯಿಲೆ ಇರುವವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು: ಮಲಗಿ ಎದ್ದರೆ ಬೆನ್ನು ಹಲಗೆ. ಓಡಾಡಿದರೆ ಸಡಿಲ ಆಗುತ್ತದೆ, ಸುಮ್ನೆ ಕೂತರೆ ಮತ್ತೆ ಹಿಡಿದುಕೊಳ್ಳುತ್ತದೆ. "ಕೂತು ಕೆಲಸ ಮಾಡ್ತೀರಲ್ಲ, ಅದಕ್ಕೇ" ಅಂತ ಕೇಳಿಸಿಕೊಂಡು ಆರೇಳು ವರ್ಷ ಮುಲಾಮು ತಿಕ್ಕಿದೆ. ಕೊನೆಗೆ ಎಂಆರ್‌ಐ, ಎಚ್‌ಎಲ್‌ಎ-ಬಿ27 ರಕ್ತ ಪರೀಕ್ಷೆ ಎಲ್ಲ ಆಗಿ ಕಾಯಿಲೆಗೆ ಒಂದು ಹೆಸರು ಸಿಕ್ಕಿತು. ಹಕ್ಕಿ ಫೋಟೊ ಹುಚ್ಚಿಗೆ ಇದಕ್ಕಿಂತ ಕೆಟ್ಟ ಜೊತೆ ಬೇಕಾ? ಬೆಳಗ್ಗೆ ಆರಕ್ಕೆ ಎಲ್ಲರೂ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ನಾನು ಮಂಚದ ಅಂಚಿನಲ್ಲಿ ಕೂತು ಸಾಕ್ಸ್ ಜೊತೆ ಗುದ್ದಾಟ.

ಆಗ ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ500 ಬಾಡಿ, 200-500 ಲೆನ್ಸು. ತಗೊಂಡಾಗ ಎರಡಕ್ಕೂ ಸೇರಿ 2 ಲಕ್ಷ ದಾಟಿತ್ತು, ಇಎಂಐ ಬೇರೆ. ಒಳ್ಳೆಯ ಕಿಟ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬರೀ ಬಾಡಿ, ಲೆನ್ಸೇ ಮೂರು ಕೆಜಿ ಮೇಲೆ. ಟ್ರೈಪಾಡು, ಅದರ ಮೇಲೆ ದೊಡ್ಡ ಲೆನ್ಸು ಸಲೀಸಾಗಿ ತಿರುಗಿಸುವ ಗಿಂಬಲ್ ಸೇರಿದರೆ ಏಳರ ಹತ್ತಿರ. ತೂಕ ಒಂದೇ ಆಗಿದ್ದರೆ ಹೇಗೋ ತಡೆಯುತ್ತಿದ್ದೆ. ಆ ಜೂಮ್ ರಿಂಗ್ ಇದೆಯಲ್ಲ, 200ರಿಂದ 500ಕ್ಕೆ ಹೋಗಬೇಕಾದರೆ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆದ ಹಾಗೆ ತಿರುಗಿಸಬೇಕು. ಸಂಜೆಗೆ ಮಣಿಕಟ್ಟು ಕೈಕೊಡುತ್ತಿತ್ತು.

ಒಂದು ದಿನ ಊರ ಹೊರಗಿನ ಕೆರೆಯಲ್ಲಿ ಟಿಟ್ಟಿಭದ ಕಣ್ಣಿನ ಮಟ್ಟಕ್ಕೆ ಫೋಟೊ ಬೇಕು ಅಂತ ಬೋರಲು ಮಲಗಿದೆ. ಅರ್ಧ ಗಂಟೆ ಹಾಗೇ ಇದ್ದೆ. ಹಕ್ಕಿ ಹೋಯಿತು, ನಾನು ಏಳೋಣ ಅಂದರೆ ಆಗುತ್ತಿಲ್ಲ. ಸೊಂಟ ಪೂರ್ತಿ ಲಾಕು. ಎಮ್ಮೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ದೂರದಿಂದಲೇ "ಏನ್ ಸ್ವಾಮಿ, ಹಾವ್ ಗೀವ್ ಕಚ್ತಾ?" ಅಂತ ಕೂಗಿಕೊಂಡು ಓಡಿ ಬಂದರು. ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಮನೆಗೆ ಬಂದು ನೋಡಿದರೆ ಫೋಕಸ್ ಎಲ್ಲ ಮುಂದಿನ ಹುಲ್ಲಿನ ಮೇಲೆ.

ಆಮೇಲೆ ಮೊನೊಪಾಡು, ಅಂದರೆ ಒಂಟಿ ಕಾಲಿನ ಸ್ಟ್ಯಾಂಡು. ಊರುಗೋಲೂ ಆಯಿತು, ಕ್ಯಾಮೆರಾಗೆ ಆಸರೆಯೂ ಆಯಿತು ಅಂತ ನನ್ನ ಲೆಕ್ಕ. ಸಾವಿರದ ಚಿಲ್ಲರೆಯದು. ಮೈಭಾರ ಬಿಟ್ಟ ತಕ್ಷಣ ಕೆಳಗಿನ ಲಾಕು ಜಾರಿತು. ನಾನು ಒಂದು ಕಡೆ, ಲೆನ್ಸ್ ಹುಡ್ ಎರಡು ತುಂಡಾಗಿ ಇನ್ನೊಂದು ಕಡೆ. ಊರುಗೋಲು ಬೇಕಿದ್ದರೆ ಊರುಗೋಲನ್ನೇ ತಗೊಳ್ಳಿ.

ಸರಿ, ಹಗುರ ಇದ್ದರೆ ಸಾಕು ಅಂತ ಹೊರಟೆ. ಗೆಳೆಯನ ಹತ್ತಿರ ಒಲಿಂಪಸ್ ಬಾಡಿ, 75-300 ಇತ್ತು. ಲೆನ್ಸು ಅರ್ಧ ಕೆಜಿಗೂ ಕಮ್ಮಿ. ಎರಡು ವಾರ ಇಟ್ಟುಕೊಂಡೆ. ಬೆನ್ನಿಗೆ ಹಾಯ್ ಅನ್ನಿಸಿತು, ಆದರೆ ಬೆರಳು ಮರಗಟ್ಟಲು ಶುರುವಾಯಿತು. ಹಿಡಿ ಚಿಕ್ಕದು, ಕಿರುಬೆರಳು ಗಾಳಿಯಲ್ಲಿ, ಉಳಿದ ಮೂರು ಬೆರಳು ಗಟ್ಟಿ ಹಿಸುಕಿಕೊಂಡೇ ಇರಬೇಕು. ಅಂಗಡಿಗೆ ಹೋದರೆ ತಕ್ಕಡಿ ಲೆಕ್ಕ ಮಾತ್ರ ನೋಡಬೇಡಿ. ಕ್ಯಾಮೆರಾ ಹಿಡಿದು ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. ಅಂಗಡಿಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ. ನಾನು ಹಾಗೆ ನಿಂತೇ ಆರ್10 ಆರಿಸಿದ್ದು. ಬಾಡಿ, ಲೆನ್ಸು ಸೇರಿ ಒಂದು ಕೆಜಿಗೆ ಸ್ವಲ್ಪ ಜಾಸ್ತಿ, ಹಿಡಿ ಮಾತ್ರ ಕೈತುಂಬ.

ದುಡ್ಡಿನ ವಿಷಯ. ಹಳೆಯ ಎರಡನ್ನೂ ಮಾರಿದ್ದಕ್ಕೆ 1 ಲಕ್ಷದ ಮೇಲೆ ಏನೋ ಏಳೆಂಟು ಸಾವಿರ ಬಂತು. ಡಿ500ಕ್ಕೆ ತೀರಾ ಕಮ್ಮಿ ಕೊಟ್ಟರು, ಈಗಲೂ ಹೊಟ್ಟೆ ಉರಿಯುತ್ತದೆ. ಹೊಸದಕ್ಕೆ ಸುಮಾರು 1 ಲಕ್ಷ 30 ಸಾವಿರ. ಗಿಂಬಲ್ ಮಾರಿದ ಹಣ ಬೆನ್ನಿನ ಕಾಯಿಲೆಯ ಇಂಜೆಕ್ಷನ್‌ಗೆ ಹೋಯಿತು. ಹದಿನೈದು ದಿನಕ್ಕೊಂದು ಇಂಜೆಕ್ಷನ್ ಇದ್ದ ಕಾಲ ಅದು. ಲೆನ್ಸು ಕೊಳ್ಳಲಾ, ಸೂಜಿ ಹಾಕಿಸಲಾ ಅಂತ ಮನೆಯಲ್ಲಿ ಚರ್ಚೆ ಆದದ್ದೂ ಉಂಟು.

ಗೆಳೆಯ ಹೇಳಿದ "ಮಧ್ಯಾಹ್ನ" ಅನ್ನುವ ಮಾತೇ ನನಗೆ ದಾರಿ ತೋರಿಸಿತು ಅನ್ನಬೇಕು. ನನ್ನ ಬೆನ್ನೂ ಮಧ್ಯಾಹ್ನದ್ದೇ ಅಲ್ವಾ? ಬೆಳಗಿನ ಬೆಳಕಿನ ಆಸೆ ಬಿಟ್ಟೆ. ಸಂಜೆ ನಾಲ್ಕರಿಂದ ಆರು. ಆ ಹೊತ್ತಿಗೆ ಇಡೀ ದಿನ ಓಡಾಡಿ ಮೈ ಸಡಿಲ ಆಗಿರುತ್ತದೆ. ಬೆಳಕೂ ಬಂಗಾರ. ಕೊನೆಯ ಹದಿನೈದು ನಿಮಿಷ ಬೆಳಕು ಕಮ್ಮಿಯಾಗಿ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 6400 ಮುಟ್ಟುತ್ತದೆ, ಕಾಳು ಕಾಳಾಗಿ ಕಾಣುತ್ತದೆ ನಿಜ. ಈಗಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಅದನ್ನು ನೋಡಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಮುಟ್ಟಬೇಡಿ. ಅದು ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ವೇಗವಾಗಿ ಹೋಗುವುದೆಲ್ಲ ಬಗ್ಗಿ ಕಾಣುತ್ತದೆ. ಸೆಕೆಂಡಿಗೆ 23 ಫೋಟೊ ಅಂತ ಆಸೆಪಟ್ಟು ಹಾಕಿದೆ, ಹಾರುತ್ತಿದ್ದ ಮಿಂಚುಳ್ಳಿಯ ರೆಕ್ಕೆ ಬಾಡಿದ ಬಾಳೆಲೆ ಥರ ಬಗ್ಗಿತ್ತು. ಮೆಕ್ಯಾನಿಕಲ್‌ನಲ್ಲಿ 15 ಸಿಗುತ್ತದೆ, ಅದೇ ಧಾರಾಳ.

ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸುವುದನ್ನೂ ಬಿಟ್ಟೆ. ಕಳ್ಳಿಪೀರ ನೋಡಿದ್ದೀರಲ್ಲ? ಹಾರಿ ಹುಳ ಹಿಡಿದು ಬಹುತೇಕ ಅದೇ ಕಡ್ಡಿಗೆ ಬಂದು ಕೂರುತ್ತದೆ, ಹುಳವನ್ನು ಕಡ್ಡಿಗೆ ಬಡಿದು ತಿನ್ನುತ್ತದೆ. ಅದು ಹೋದಾಗ ಕೈ ಕೆಳಗಿಳಿಸಿ ಎರಡು ಹೆಜ್ಜೆ ಓಡಾಡುತ್ತೇನೆ, ಬರುವ ಹೊತ್ತಿಗೆ ಎತ್ತುತ್ತೇನೆ. ನೆಲಮಟ್ಟದ ಫೋಟೊಗೆ ಸ್ಕ್ರೀನ್ ಹೊರಗೆ ತಿರುಗಿಸಿ, ಮಡಚುವ ಸ್ಟೂಲಿನಲ್ಲಿ ಕೂತು, ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿದರೆ ಸಾಕು. ರಂಗನತಿಟ್ಟಿನ ದೋಣಿಯಲ್ಲಿ ನನ್ನ ಕತ್ತು ತಿರುಗುವುದಿಲ್ಲ, ಸೊಂಟದಿಂದ ಮೇಲೆ ಒಂದೇ ತುಂಡು. ಅದಕ್ಕೆ ಹಕ್ಕಿ ಇರುವ ಕಡೆಗೇ ಅಡ್ಡ ಕೂರುತ್ತೇನೆ. ನಾಲ್ಕು ಜನ ಸೇರಿ ಬೇರೆ ದೋಣಿ ಮಾಡಿಕೊಂಡರೆ ಹೀಗೆ ಕೂರಲು ಜಾಗ ಸಿಗುತ್ತದೆ.

ನನ್ನ ನಿಜವಾದ ಸಂಶೋಧನೆ ಹುರುಳಿ ಚೀಲ. ಲೆನ್ಸಿನ ಕೆಳಗೆ ಆಸರೆಗೆ ಇಡುವ ಬೀನ್ ಬ್ಯಾಗ್ ಎಲ್ಲರ ಹತ್ತಿರವೂ ಇರುತ್ತದೆ. ನಾನು ಹಳೆಯ ಜೀನ್ಸ್ ಕಾಲು ಕತ್ತರಿಸಿ ಹೊಲಿಸಿದೆ. ಮೊದಲು ಹಗುರ ಅಂತ ಮಂಡಕ್ಕಿ ತುಂಬಿದೆ. ಕೈ ಇಟ್ಟರೆ ಕರಕರ ಸದ್ದು, ಮಿಂಚುಳ್ಳಿ ಪರಾರಿ. ಆಮೇಲೆ ರಾಗಿ. ಹೊಲಿಗೆಯಲ್ಲಿ ಸೋರಿ ಜೂಮ್ ರಿಂಗ್ ಸಂದಿಗೆ ಸೇರಿಕೊಂಡಿತು, ಬಿಡಿಸಿದ್ದಕ್ಕೆ ಮೂರು ಸಾವಿರ ಚಿಲ್ಲರೆ. ಮೂರನೆಯದು ಮುಕ್ಕಾಲು ಕೆಜಿ ಹುರುಳಿ. ಹೊರಡುವ ಮೊದಲು ಬಾಣಲೆಯಲ್ಲಿ ಘಮ್ ಅನ್ನುವ ತನಕ ಹುರಿದು, ಕೈ ತಡೆಯುವಷ್ಟು ಆರಿಸಿ ಚೀಲಕ್ಕೆ ಸುರಿಯುತ್ತೇನೆ. ಕಾರಿನಲ್ಲಿ ಅದು ಸೊಂಟದ ಹಿಂದೆ ಶಾಖ. ಅಜ್ಜಿ ಕಾಲದ ಮದ್ದೇ. ಕೆರೆ ತಲುಪುವ ಹೊತ್ತಿಗೆ ಬಿಸಿ ಆರಿರುತ್ತದೆ, ಆಗ ಅದೇ ಚೀಲ ಕಟ್ಟೆ ಮೇಲೆ ಕ್ಯಾಮೆರಾಗೆ ದಿಂಬು. ಇರುವೆ ಬರುತ್ತದೆ, ಎರಡು ತಿಂಗಳಿಗೊಮ್ಮೆ ಕಾಳು ಬದಲಿಸಬೇಕು. ಹುರುಳಿ ಸಾರಿಗೆ ಇಟ್ಟದ್ದು ಎಲ್ಲಿ ಅಂತ ಹೆಂಡತಿ ಕೇಳಿದಾಗ ಮಾತ್ರ ಉತ್ತರ ಕಷ್ಟ.

ಎರಡು ವಿಷಯ ಹೇಳುವುದಿಲ್ಲ. ಒಂದು, ಕ್ಯಾಮೆರಾದ ಹಿಂದಿನ ಸ್ಟಾರ್ ಬಟನ್‌ಗೆ ನಾನು ಏನು ಹಾಕಿಕೊಂಡಿದ್ದೇನೆ ಅಂತ. ಅದರಿಂದ ಹೆಬ್ಬೆರಳಿನ ಕೆಲಸ ಅರ್ಧ ಉಳಿದಿದೆ, ಕಂಡುಹಿಡಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಇನ್ನೊಂದು, ನಾಲ್ಕೂವರೆಗೆ ಸರಿಯಾಗಿ ಮಿಂಚುಳ್ಳಿ ಬಂದು ಕೂರುವ ಆ ಒಣ ಕೊಂಬೆ ಯಾವ ಕೆರೆಯಲ್ಲಿದೆ ಅಂತ.

ನೋವು ಕೆರಳಿದ ವಾರ ಕ್ಯಾಮೆರಾ ಕಪಾಟಿನಲ್ಲೇ ಇರುತ್ತದೆ. ಹೋದ ವರ್ಷ ಹಾಗೆ ಪೂರ್ತಿ ಜುಲೈ ಹೋಯಿತು.

ಮೊನ್ನೆ "ಮಧ್ಯಾಹ್ನದ ಲೆನ್ಸು" ಅಂದಿದ್ದ ಅದೇ ಗೆಳೆಯನ ಫೋನು. ಅವನದ್ದು ದೊಡ್ಡ ಲೆನ್ಸು. ಭುಜ ಹಿಡಿದುಕೊಂಡಿದೆಯಂತೆ, ಕೈ ಮೇಲಕ್ಕೆ ಎತ್ತಲು ಆಗುತ್ತಿಲ್ಲವಂತೆ. "ನಿನ್ನ ಆ 100-400 ಒಂದು ಭಾನುವಾರ ಕೊಡ್ತೀಯಾ, ಬೆಳಗ್ಗೆ ಬಂದು ತಗೊಂಡು ಹೋಗ್ತೀನಿ" ಅಂದ. ನಾಲ್ಕು ಗಂಟೆ ಮೇಲೆ ಬಾ, ಬರುವಾಗ ಒಂದು ಕೆಜಿ ಹುರುಳಿ ತಗೊಂಡು ಬಾ ಅಂದೆ.