ಮೋಟಾರು ಸ್ಪ್ರಿಂಗ್ ಯಂತ್ರದಿಂದ ನಾನು ಮನೆಯ ಕೊಳವೆಗಳ ಕಟ್ಟು ಬಿಡಿಸಿದ ಬಗೆ

ನಮ್ಮ ಅಡುಗೆಮನೆಯ ಸಿಂಕು ಒಂದೇ ವರ್ಷದಲ್ಲಿ ನಾಲ್ಕನೆಯ ಸಲ ಕಟ್ಟಿಕೊಂಡಾಗ ನಾನು ಮೋಟಾರಿನಿಂದ ತಿರುಗುವ ಸ್ಪ್ರಿಂಗ್ ಯಂತ್ರವೊಂದನ್ನು ಬಾಡಿಗೆಗೆ ತಂದೆ. ಹಿಂದಿನ ಮೂರು ಸಲವೂ ಕೈಯಿಂದ ತಿರುಗಿಸುವ ತೆಳ್ಳನೆಯ ಸ್ಪ್ರಿಂಗನ್ನು ಕೊಳವೆಯೊಳಗೆ ತೂರಿಸಿ, ನೀರು ಇಳಿದ ಕೂಡಲೇ ಕೆಲಸ ಮುಗಿಯಿತೆಂದು ಸಾಮಾನು ಎತ್ತಿಟ್ಟಿದ್ದೆ. ಆಗ ನಿಜವಾಗಿ ಆಗುತ್ತಿದ್ದುದೇ ಬೇರೆ. ಕೊಳವೆಯ ಒಳಮೈಗೆ ಸುತ್ತಲೂ ಮೆತ್ತಿಕೊಂಡಿದ್ದ ಜಿಡ್ಡಿನ ನಡುವೆ ಬೆರಳು ಗಾತ್ರದ ತೂತೊಂದು ಬೀಳುತ್ತಿತ್ತು, ಕೆಲವು ವಾರ ಆ ತೂತಿನಿಂದಲೇ ನೀರು ಹರಿಯುತ್ತಿತ್ತು, ಆಮೇಲೆ ಹೊಸ ಜಿಡ್ಡು ಕೂತು ಅದೂ ಮುಚ್ಚಿಹೋಗುತ್ತಿತ್ತು. ನೀರು ಇಳಿಯುವುದು ಬೇರೆ, ಕೊಳವೆ ಚೊಕ್ಕಟವಾಗುವುದು ಬೇರೆ ಎಂಬುದು ನನಗೆ ಮನದಟ್ಟಾದದ್ದು ಮೋಟಾರಿನ ಯಂತ್ರವನ್ನು ಬಳಸಿದ ಮೇಲೆ. ಮುಂದೆ ನಾನೇ ಒಂದು ಯಂತ್ರ ಕೊಂಡೆ. ಆರು ವರ್ಷಗಳಿಂದ ನಮ್ಮ ಮನೆಯಲ್ಲೂ ನೆಂಟರಿಷ್ಟರ ಮನೆಗಳಲ್ಲೂ ಅದನ್ನೇ ಬಳಸುತ್ತಿದ್ದೇನೆ.

ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ಕಟ್ಟು ಎಲ್ಲಿದೆ ಎಂದು ಪತ್ತೆ ಮಾಡಲು ನಾನು ಅರ್ಧ ಗಂಟೆಯನ್ನಾದರೂ ಮೀಸಲಿಡುತ್ತೇನೆ. ಒಂದೇ ಸಿಂಕಿನಲ್ಲಿ ನೀರು ನಿಂತಿದ್ದರೆ ಕಟ್ಟು ಅದರ ಟ್ರ್ಯಾಪಿನಲ್ಲಿ, ಅಂದರೆ ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗಿದ ತುಂಡಿನಲ್ಲಿರುತ್ತದೆ, ಇಲ್ಲವೆ ಅಲ್ಲಿಂದ ಮುಂದಿನ ಕವಲಿನಲ್ಲಿರುತ್ತದೆ. ಕಮೋಡಿಗೆ ನೀರು ಬಿಟ್ಟಾಗ ಬಚ್ಚಲಿನ ತೂಬಿನಲ್ಲಿ ಗುಳುಗುಳು ಸದ್ದಾದರೆ, ಅಥವಾ ಮೇಲಿನ ಮಹಡಿಯಲ್ಲಿ ನೀರು ಬಿಟ್ಟರೆ ಕೆಳಗಿನ ಬಚ್ಚಲಿನಲ್ಲಿ ಉಕ್ಕಿದರೆ, ಕವಲುಗಳೆಲ್ಲ ಸೇರುವ ದೊಡ್ಡ ಕೊಳವೆಯೇ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಮನೆಯ ಹೊರಗೆ ಚೇಂಬರ್ (ಕೊಳವೆಗಳು ಬಂದು ಸೇರುವ ಗುಂಡಿ) ಇದ್ದರೆ ಅದರ ಮುಚ್ಚಳ ತೆಗೆದು ನೋಡುವುದು ಇನ್ನೂ ಒಳ್ಳೆಯದು. ಚೇಂಬರ್ ಬರಿದಾಗಿದ್ದರೆ ಕಟ್ಟು ಮನೆಗೂ ಚೇಂಬರಿಗೂ ನಡುವೆ ಇದೆ, ತುಂಬಿ ನಿಂತಿದ್ದರೆ ಅದರಿಂದಾಚೆಗೆ ಇದೆ. ಈ ವಿಚಾರಣೆಯನ್ನು ಬಿಟ್ಟು ಸಿಂಕಿನಿಂದಲೇ ಹದಿನೈದು ಮೀಟರ್ ಕೇಬಲ್ ತಳ್ಳಿ ಮಧ್ಯಾಹ್ನವೆಲ್ಲ ದಣಿದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಪ್ರಶ್ನೆಯನ್ನು ನಾನು ಯಾವ ಮನೆಯಲ್ಲೂ ಕೇಳದೆ ಬಿಡುವುದಿಲ್ಲ: ಕೊಳವೆಗೆ ಏನನ್ನಾದರೂ ಸುರಿದಿದ್ದೀರಾ? ಕಟ್ಟು ಬಿಡಿಸುವ ಪುಡಿ ಮತ್ತು ದ್ರವಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಕೆಲವದರಲ್ಲಿ ಗಂಧಕಾಮ್ಲವಿರುತ್ತದೆ. ಅವು ಕಟ್ಟಿನ ಹಿಂದೆ ನಿಂತ ನೀರಿನಲ್ಲೇ ಉಳಿದಿರುತ್ತವೆ. ತಿರುಗುತ್ತಿರುವ ಕೇಬಲ್ ಆ ನೀರನ್ನು ಸುತ್ತಲೂ ಎರಚುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಾಗೆ ಸುರಿದಿದ್ದಾರೆಂದು ಗೊತ್ತಾದ ಮನೆಯಲ್ಲಿ ನಾನು ಯಂತ್ರ ಹಚ್ಚುವುದಿಲ್ಲ. ಈ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ ಎಂಬುದು ನನ್ನ ಗಟ್ಟಿ ನಿಲುವು. ಕುದಿನೀರು ಅಷ್ಟು ಅಪಾಯಕಾರಿಯಲ್ಲ, ಆದರೂ ಅದರಿಂದ ಜಿಡ್ಡಿನ ಕಟ್ಟು ಪೂರ್ತಿ ಹೋಗುವುದು ಕಡಿಮೆ. ಕರಗಿದ ಜಿಡ್ಡು ಒಂದೆರಡು ಮೀಟರ್ ಮುಂದೆ ಸಾಗಿ, ಕೊಳವೆ ತಣ್ಣಗಿರುವ ಜಾಗದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ನಮ್ಮ ಸಿಂಕಿನ ಕಟ್ಟು ಆರೂವರೆ ಮೀಟರ್ ದೂರಕ್ಕೆ ಹೋಗಿ ಕೂತದ್ದಕ್ಕೆ ನಾನು ತಿಂಗಳುಗಟ್ಟಲೆ ಸುರಿದ ಬಿಸಿನೀರೂ ಒಂದು ಕಾರಣ ಎಂದು ನಂಬಿದ್ದೇನೆ.

ಯಂತ್ರದ ರಚನೆ ಸರಳವಾದದ್ದು. ಉಕ್ಕಿನ ತಂತಿಯನ್ನು ಒತ್ತಾಗಿ ಸುತ್ತಿ ಮಾಡಿದ ಉದ್ದನೆಯ ಸ್ಪ್ರಿಂಗ್ ಕೇಬಲ್ ಒಂದು ಡ್ರಮ್ಮಿನೊಳಗೆ ಸುರುಳಿಯಾಗಿ ಕೂತಿರುತ್ತದೆ. ಮೋಟಾರು ಡ್ರಮ್ಮನ್ನು ತಿರುಗಿಸಿದಾಗ ಕೇಬಲೂ ತನ್ನ ಅಕ್ಷದ ಮೇಲೆ ತಿರುಗುತ್ತದೆ. ವೇಗ ಹೆಚ್ಚಿಲ್ಲ, ನನ್ನ ಯಂತ್ರದ್ದು ನಿಮಿಷಕ್ಕೆ 200 ಸುತ್ತಿನ ಆಸುಪಾಸು. ಇದರ ಮೂಲ 1930ರ ದಶಕದ್ದು. ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಯಾಮ್ಯುಯೆಲ್ ಬ್ಲಾಂಕ್ ಎಂಬವರು ತಮ್ಮ ಮಗನ ಮನೆಯ ಕಟ್ಟಿದ ಕೊಳವೆಯೊಡನೆ ಹೆಣಗಾಡಿದ ಮೇಲೆ, ಬಟ್ಟೆ ಒಗೆಯುವ ಯಂತ್ರದ ಮೋಟಾರು, ರೋಲರ್ ಸ್ಕೇಟಿನ ಗಾಲಿಗಳು ಮತ್ತು 3/8 ಅಂಗುಲದ ಉಕ್ಕಿನ ಕೇಬಲನ್ನು ಜೋಡಿಸಿ ಇಂಥ ಯಂತ್ರವನ್ನು ಕಟ್ಟಿದರು. ನಾನು ಹೆಚ್ಚಾಗಿ ಬಳಸುವ ಕೇಬಲ್ಲೂ ಅದೇ ದಪ್ಪದ್ದು, ಅಂದರೆ ಸುಮಾರು 10 ಮಿಲಿಮೀಟರ್. 50 ಮತ್ತು 75 ಮಿಲಿಮೀಟರಿನ ಕೊಳವೆಗಳಿಗೆ ಅದು ಹೊಂದುತ್ತದೆ. ವಾಷ್ ಬೇಸಿನ್ನಿನ ಸಣ್ಣ ಕೊಳವೆಯ ಬಾಗುಗಳಲ್ಲಿ ಅದು ಬಗ್ಗುವುದಿಲ್ಲ, ಅಲ್ಲಿಗೆ 6 ಅಥವಾ 8 ಮಿಲಿಮೀಟರಿನದು ಬೇಕು. 110 ಮಿಲಿಮೀಟರಿನ ದೊಡ್ಡ ಕೊಳವೆಯಲ್ಲಿ ಅದೇ 10 ಮಿಲಿಮೀಟರಿನ ಕೇಬಲ್ ಮುಂದಕ್ಕೆ ಹೋಗುವ ಬದಲು ತನ್ನಲ್ಲೇ ಸುತ್ತಿಕೊಂಡು ಗಂಟಾಗುತ್ತದೆ. ಸರಿಯಾದ ದಪ್ಪದ ಕೇಬಲ್ ಇಲ್ಲದಿದ್ದರೆ ಆ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಮೊದಲ ದಿನ ನನಗಾದ ಗಾಯದ ವಿಷಯವನ್ನು ಇಲ್ಲೇ ಹೇಳಬೇಕು. ಅಡುಗೆಮನೆಯ ನೆಲ ಕೊಳೆಯಾಗದಿರಲೆಂದು ಯಂತ್ರವನ್ನು ಕೊಳವೆಯ ಬಾಯಿಂದ ಎರಡು ಮೀಟರ್ ದೂರದಲ್ಲಿಟ್ಟಿದ್ದೆ. ಕೇಬಲಿನ ತುದಿ ಒಳಗೆ ಜಿಡ್ಡಿನಲ್ಲಿ ಸಿಕ್ಕಿ ನಿಂತಿತು, ಡ್ರಮ್ ಮಾತ್ರ ತಿರುಗುತ್ತಲೇ ಇತ್ತು. ತುದಿಗೆ ಹೋಗಲಾರದ ತಿರುಚೆಲ್ಲ ಹೊರಗೆ ಜೋತಾಡುತ್ತಿದ್ದ ಕೇಬಲಿನಲ್ಲಿ ತುಂಬಿಕೊಂಡಿತು. ಕಣ್ಣೆವೆ ಮುಚ್ಚುವಷ್ಟರಲ್ಲಿ ಕೇಬಲ್ ಉಂಗುರದಂತೆ ಮಡಚಿ ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಮೋಟಾರನ್ನು ಓಡಿಸುವ ಪೆಡಲಿನಿಂದ ಕಾಲನ್ನು ಎತ್ತಿದ್ದರಿಂದ ಮೂಳೆ ಉಳಿಯಿತು, ಕೈ ನಾಲ್ಕು ದಿನ ಊದಿಕೊಂಡಿತ್ತು. ಅಂದಿನಿಂದ ಯಂತ್ರದ ಮೂತಿಗೂ ಕೊಳವೆಯ ಬಾಯಿಗೂ ನಡುವೆ ಅರ್ಧ ಮೀಟರಿಗಿಂತ ಹೆಚ್ಚು ಕೇಬಲ್ ಕಾಣದಂತೆ ನೋಡಿಕೊಳ್ಳುತ್ತೇನೆ, ಹೊರಗಿನ ಕೇಬಲ್ ಕೊಂಚ ಬಿಲ್ಲಿನಂತೆ ಬಾಗಿದರೂ ಪೆಡಲ್ ಬಿಡುತ್ತೇನೆ. ಪೆಡಲ್ ಕಾಲಿನದೇ ಆಗಿರಬೇಕು, ಗಾಳಿಯ ಒತ್ತಡದಿಂದ ಕೆಲಸ ಮಾಡುವಂಥದು ಇನ್ನೂ ಒಳ್ಳೆಯದು, ಏಕೆಂದರೆ ನೀರು ಚೆಲ್ಲಿದ ನೆಲದಲ್ಲಿ ಅದರೊಳಗೆ ವಿದ್ಯುತ್ ಇರುವುದಿಲ್ಲ. ಯಂತ್ರವನ್ನು ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಇರುವ ಸಾಲಿಗೆ ಮಾತ್ರ ಜೋಡಿಸುತ್ತೇನೆ. ಕೈಗೆ ದಪ್ಪ ಚರ್ಮದ ಗವಸು, ಅದರ ಒಳಗೆ ರಬ್ಬರ್ ಗವಸು. ಬರೀ ಬಟ್ಟೆಯ ಇಲ್ಲವೆ ಬರೀ ರಬ್ಬರಿನ ಗವಸನ್ನು ಕೇಬಲ್ ಕಚ್ಚಿ ಎಳೆದುಕೊಳ್ಳುತ್ತದೆ, ಕೈಯೂ ಅದರ ಜೊತೆಗೇ ಹೋಗುತ್ತದೆ. ಕನ್ನಡಕ, ಮೈಗೆ ಹತ್ತಿದ ಉಡುಪು, ಉಂಗುರ ಮತ್ತು ಗಡಿಯಾರವಿಲ್ಲದ ಕೈ, ಇಷ್ಟಾದರೆ ಸಾಕು.

ಸಿಂಕಿನ ಕೆಲಸವನ್ನು ಟ್ರ್ಯಾಪ್ ಬಿಚ್ಚಿ ಶುರು ಮಾಡುತ್ತೇನೆ. ಕೆಳಗೆ ಬಕೆಟ್ ಇಟ್ಟು ನಟ್ಟುಗಳನ್ನು ಸಡಿಲಿಸಿ, ಬಾಗಿದ ತುಂಡನ್ನು ತೆಗೆದು ತೊಳೆಯುತ್ತೇನೆ. ಎಷ್ಟೋ ಸಲ ಕಟ್ಟು ಅಲ್ಲೇ ಇರುತ್ತದೆ, ಯಂತ್ರದ ಅಗತ್ಯವೇ ಬೀಳುವುದಿಲ್ಲ. ಅಲ್ಲಿಲ್ಲದಿದ್ದರೆ ಗೋಡೆಯೊಳಗೆ ಹೋಗುವ ಕೊಳವೆಯ ಬಾಯಿಗೆ ಕೇಬಲಿನ ತುದಿಯಿಟ್ಟು, ಮೋಟಾರು ಹಚ್ಚದೆ, ತಡೆ ಸಿಗುವವರೆಗೂ ಕೈಯಿಂದಲೇ ತಳ್ಳುತ್ತೇನೆ. ಇಲ್ಲಿಂದ ಮುಂದೆ ಕೈಗೆ ತಿಳಿಯುವ ಸುದ್ದಿಯೇ ಮುಖ್ಯ. ಬಾಗಿಗೆ ತಾಗಿದ ಕೇಬಲ್ ಗಟ್ಟಿಯಾಗಿ ಟಕ್ಕೆಂದು ನಿಲ್ಲುತ್ತದೆ, ಹಿಂದೆ ಎಳೆದರೆ ಸಲೀಸಾಗಿ ಬರುತ್ತದೆ, ಮೋಟಾರು ಹಚ್ಚಿ ಒಂದೆರಡು ಸುತ್ತು ತಿರುಗಿಸಿದರೆ ಬಾಗನ್ನು ದಾಟಿ ಮುಂದಕ್ಕೆ ಜಾರುತ್ತದೆ. ಜಿಡ್ಡಿಗೆ ತಾಗಿದ ಕೇಬಲ್ ಹಾಗೆ ನಿಲ್ಲುವುದಿಲ್ಲ. ಒದ್ದೆ ಮಣ್ಣಿಗೆ ಕೋಲು ಚುಚ್ಚಿದಂತೆ ನಿಧಾನವಾಗಿ ಇಳಿಯುತ್ತದೆ, ಹಿಂದೆ ಎಳೆಯುವಾಗ ಅಂಟಿಕೊಂಡಂತೆ ಭಾರವಾಗಿರುತ್ತದೆ. ಬಟ್ಟೆ ಅಥವಾ ಒರೆಸುವ ಹಾಳೆಗಳ ಕಟ್ಟಾದರೆ ತುದಿ ಸಿಕ್ಕಿಕೊಂಡು ಕೇಬಲಿನಲ್ಲಿ ಒಮ್ಮೆಲೇ ಬಿಗಿ ಏರುತ್ತದೆ. ಮೋಟಾರಿನ ದನಿಯೂ ಆಗಲೇ ಇಳಿಯುತ್ತದೆ.

ನಮ್ಮ ಮನೆಯಲ್ಲಿ ಎರಡು ಬಾಗು ದಾಟಿ ಆರೂವರೆ ಮೀಟರ್ ಹೋದಾಗ ಆ ಮೆತ್ತನೆಯ ತಡೆ ಸಿಕ್ಕಿತು. ಆಗ ತುದಿಯಲ್ಲಿದ್ದುದು ಸಣ್ಣ ಉಂಡೆಯಾಕಾರದ ಸ್ಪ್ರಿಂಗ್ ತಲೆ. ಮೊದಲ ಸುತ್ತಿಗೆ ನಾನು ಯಾವಾಗಲೂ ಸಣ್ಣ ತಲೆಯನ್ನೇ ಹಾಕುತ್ತೇನೆ, ಏಕೆಂದರೆ ನಿಂತ ನೀರು ಇಳಿದುಹೋಗಲು ಅದು ದಾರಿ ಮಾಡುತ್ತದೆ, ಕಟ್ಟು ಯಾವ ವಸ್ತುವಿನದು ಎಂಬುದರ ಚೂರನ್ನೂ ಹಿಡಿದು ತರುತ್ತದೆ. ಮೋಟಾರು ಹಚ್ಚಿ, ಒಂದು ಗೇಣು ಮುಂದೆ, ಅರ್ಧ ಗೇಣು ಹಿಂದೆ ಎಂಬಂತೆ ನಡೆಸಿದೆ. ಒತ್ತಿ ತಳ್ಳುವ ಆಸೆಯನ್ನು ಹತ್ತಿಕ್ಕಬೇಕು, ಕೊರೆಯುವುದು ತುದಿಯ ಕೆಲಸ, ಅದಕ್ಕೆ ತಿರುಗಲು ಬಿಡುವು ಕೊಡುವುದಷ್ಟೇ ನಮ್ಮದು. ಹತ್ತು ನಿಮಿಷಕ್ಕೆ ಕೊಳವೆಯೊಳಗೆ ನೀರು ಸುರ್ರೆಂದು ಎಳೆದುಕೊಂಡ ಸದ್ದು ಕೇಳಿಸಿತು. ಕೇಬಲ್ ಹಿಂದಕ್ಕೆ ಬಂದಾಗ ಅದರ ಸುತ್ತುಗಳ ನಡುವೆ ಮೇಣದಂಥ ಬೂದುಬಣ್ಣದ ಜಿಡ್ಡು ತುಂಬಿತ್ತು.

ಹಿಂದಿನ ಮೂರು ಸಲ ನಾನು ನಿಲ್ಲಿಸಿದ್ದು ಇದೇ ಘಟ್ಟದಲ್ಲಿ. ಈ ಸಲ ತಲೆಯನ್ನು ಬದಲಿಸಿ, ಕೊಳವೆಯ ಒಳ ಅಳತೆಗಿಂತ ಸ್ವಲ್ಪವೇ ಕಿರಿದಾದ, ಅರ್ಧಚಂದ್ರದಂತೆ ಬಾಗಿದ ಕತ್ತಿಯ ತಲೆಯನ್ನು ಹಾಕಿದೆ. ಟ್ರ್ಯಾಪನ್ನು ಬಿಚ್ಚಿದ್ದರಿಂದ ಸಿಂಕಿನ ನಲ್ಲಿಯಿಂದ ನೀರು ಬಿಡುವಂತಿರಲಿಲ್ಲ. ಸಣ್ಣ ಹೋಸನ್ನು ಗೋಡೆಯ ಕೊಳವೆಯ ಬಾಯಿಯಲ್ಲಿ ಕೇಬಲಿನ ಪಕ್ಕ, ಅದಕ್ಕೆ ತಾಗದಂತೆ ಹಿಡಿಯಲು ಮನೆಯವರೊಬ್ಬರನ್ನು ಕೂರಿಸಿದೆ. ಕೆರೆದ ಜಿಡ್ಡನ್ನು ಆಗಿಂದಾಗಲೇ ತೊಳೆದು ಒಯ್ಯುವ ನೀರಿಲ್ಲದಿದ್ದರೆ ಕೆರೆದದ್ದೆಲ್ಲ ಮುಂದೆ ರಾಶಿಯಾಗಿ ಹೊಸ ಕಟ್ಟನ್ನು ಹುಟ್ಟಿಸುತ್ತದೆ. ಆ ಆರೂವರೆ ಮೀಟರಿನಿಂದ ಮುಂದಿನ ಒಂದೂವರೆ ಮೀಟರ್ ಉದ್ದಕ್ಕೂ ನಾಲ್ಕು ಸಲ ಹಿಂದೆ ಮುಂದೆ ಓಡಿಸಿದೆ. ಮೊದಲ ಎರಡು ಸಲ ಕೇಬಲ್ ಹೋದಲ್ಲೆಲ್ಲ ತಡೆಯುತ್ತಿತ್ತು, ನಾಲ್ಕನೆಯ ಸಲ ಕೈಯಲ್ಲಿ ಒಂದೇ ಸಮನಾದ ಸಣ್ಣ ನಡುಕ ಮಾತ್ರ ಉಳಿದಿತ್ತು. ಆಮೇಲೆ ಟ್ರ್ಯಾಪ್ ಕೂಡಿಸಿ, ಸಿಂಕಿನ ತುಂಬ ನೀರು ನಿಲ್ಲಿಸಿ ಒಮ್ಮೆಗೇ ಬಿಟ್ಟು ನೋಡಿದೆ, ಮೂರು ಸಲ.

ಕೇಬಲ್ ತಡೆಯಿಲ್ಲದೆ ಹೋಯಿತೆಂದು ಹಿಗ್ಗುವಂತೆಯೂ ಇಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಎಂಟು ಮೀಟರ್ ಕೇಬಲ್ ನುಣ್ಣಗೆ ಹೋಗಿ ಹಾಗೆಯೇ ಒಣಗಿದ್ದು ವಾಪಸು ಬಂತು, ಸಿಂಕಿನ ನೀರು ಮಾತ್ರ ಕದಲಲಿಲ್ಲ. ಗೋಡೆಯೊಳಗೆ ಕವಲು ಸೇರುವ ಕಡೆ ಅದು ಕೆಳಗೆ ಇಳಿಯುವ ಬದಲು ಗಾಳಿಯಾಡಲೆಂದು ಚಾವಣಿಗೆ ಹೋಗುವ ವೆಂಟ್ ಪೈಪನ್ನು ಹತ್ತಿತ್ತು. ತುದಿಯಿಂದ ಒಂದು ಗೇಣಿನಷ್ಟು ಹಿಂದೆ ಕೇಬಲನ್ನು ಸ್ವಲ್ಪ ಬಗ್ಗಿಸಿ, ನಿಧಾನವಾಗಿ ತಿರುಗಿಸುತ್ತ ಬಿಟ್ಟಾಗ ಮೂರನೆಯ ಯತ್ನಕ್ಕೆ ಕೆಳಗಿನ ದಾರಿ ಸಿಕ್ಕಿತು. ತುದಿ ಒದ್ದೆಯಾಗಿ, ಕೊಳೆ ಹಿಡಿದು ಬಂದರೆ ಮಾತ್ರ ಸರಿಯಾದ ಕೊಳವೆಯಲ್ಲಿದ್ದೇನೆ ಎಂದು ಈಗ ನಂಬುತ್ತೇನೆ.

ತುದಿ ಸಿಕ್ಕಿಕೊಂಡಾಗ ಮೋಟಾರನ್ನು ಹಿಮ್ಮುಖವಾಗಿ ತಿರುಗಿಸುವ ಗುಂಡಿ ಇದೆ. ಅದನ್ನು ಒಂದೆರಡು ಸುತ್ತಿಗಷ್ಟೇ ಬಳಸಿ, ತುದಿ ಬಿಟ್ಟುಕೊಂಡ ಕೂಡಲೇ ಮುಮ್ಮುಖಕ್ಕೆ ತಂದು ಕೇಬಲನ್ನು ಎಳೆದುಕೊಳ್ಳಬೇಕು. ಹೆಚ್ಚು ಹೊತ್ತು ಹಿಮ್ಮುಖ ತಿರುಗಿಸಿದರೆ ಕೇಬಲಿನ ಸುತ್ತುಗಳು ಬಿಚ್ಚಿಕೊಳ್ಳುತ್ತವೆ, ಡ್ರಮ್ಮಿನೊಳಗೆ ಗೋಜಲಾಗುತ್ತದೆ.

ಬಚ್ಚಲಿನ ಕಟ್ಟು ಹೆಚ್ಚಾಗಿ ಕೂದಲು ಮತ್ತು ಸಾಬೂನಿನದು. ಸಾಬೂನು ಗಡುಸು ನೀರಿನ ಕ್ಯಾಲ್ಸಿಯಮ್ಮಿನೊಡನೆ ಸೇರಿ ಕರಗದ ಕೆನೆಯಂಥ ವಸ್ತುವಾಗುತ್ತದೆ, ಕೂದಲು ಅದನ್ನು ಹಗ್ಗದಂತೆ ಹಿಡಿದಿಡುತ್ತದೆ. ಇದನ್ನು ಕೆರೆದು ಮುಂದೆ ತಳ್ಳಬಾರದು, ಕೊಕ್ಕೆಯಂಥ ತಲೆಯಿಂದ ಸುತ್ತಿಕೊಂಡು ಹೊರಗೆ ಎಳೆಯಬೇಕು. ಕಮೋಡಿನೊಳಗೆ ಈ ಯಂತ್ರವನ್ನು ಎಂದೂ ಬಿಡುವುದಿಲ್ಲ. ತಿರುಗುವ ಕೇಬಲ್ ಪಿಂಗಾಣಿಯನ್ನು ಗೀರುತ್ತದೆ, ಸೀಳಲೂಬಹುದು. ಅಲ್ಲಿಗೆ ಪ್ಲಾಸ್ಟಿಕ್ ಕವಚವಿರುವ ಕೈಯ ಸ್ಪ್ರಿಂಗ್ ಸಾಕು, ಅದರಿಂದಾಗದಿದ್ದರೆ ಕಮೋಡನ್ನೇ ಬಿಚ್ಚಿ ನೆಲದ ಕೊಳವೆಯಿಂದ ಕೆಲಸ ಮಾಡಬೇಕು. ತುಕ್ಕು ತಿಂದು ತೆಳುವಾದ ಹಳೆಯ ಕಬ್ಬಿಣದ ಕೊಳವೆಗೂ ಕತ್ತಿಯ ತಲೆ ಹಾಕುವುದಿಲ್ಲ, ಅದು ಕೊಳವೆಯ ಗೋಡೆಯನ್ನೇ ತೂರಿ ಹೊರಬರಬಹುದು. ಕೇಬಲಿನ ಜೊತೆ ಮರದ ಬೇರಿನ ಚೂರು ಬಂದರೆ ಕೊಳವೆಯ ಕೀಲು ಬಿಟ್ಟಿದೆ ಎಂದರ್ಥ. ಬೇರನ್ನು ಕತ್ತರಿಸಿದರೆ ನೀರೇನೋ ಹರಿಯುತ್ತದೆ, ಆದರೆ ಆ ಕೀಲು ಸರಿಯಾಗುವವರೆಗೂ ಬೇರು ಮತ್ತೆ ಬೆಳೆಯುತ್ತಲೇ ಇರುತ್ತದೆ ಎಂದು ಮನೆಯವರಿಗೆ ನೇರವಾಗಿ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಕೇಬಲನ್ನು ಹೊರಗೆಳೆದು, ಮೋಟಾರಿನ ಪ್ಲಗ್ಗನ್ನು ತೆಗೆದು, ಆಮೇಲೆ ಒರೆಸುತ್ತೇನೆ. ತಿರುಗುವ ಕೇಬಲಿಗೆ ಬಟ್ಟೆ ಹಿಡಿಯುವುದು ಮಣಿಕಟ್ಟನ್ನು ಕೊಟ್ಟಂತೆ. ನೀರಿನಿಂದ ತೊಳೆದು, ಡ್ರಮ್ಮಿನ ಕೆಳಗಿನ ಬಿರಡೆ ತೆಗೆದು ಒಳಗಿನ ನೀರನ್ನು ಬಸಿದು, ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರುತ್ತೇನೆ. ಒಮ್ಮೆ ಇದನ್ನು ಮರುದಿನಕ್ಕೆ ಬಿಟ್ಟು ಹಾಗೆಯೇ ಮರೆತಿದ್ದೆ. ಎರಡು ತಿಂಗಳ ನಂತರ ತುಕ್ಕು ಹಿಡಿದ ಆ ಕೇಬಲ್ ಕೊಳವೆಯೊಳಗೇ ತುಂಡಾಯಿತು, ಅದನ್ನು ತೆಗೆಯಲು ನೆಲವನ್ನು ಅಗೆಯಬೇಕಾಯಿತು. ಕೈಯನ್ನು ಸಾಬೂನಿನಿಂದ ಮೊಣಕೈವರೆಗೆ ತೊಳೆಯುತ್ತೇನೆ, ಗೀರು ಬಿದ್ದಿದ್ದರೆ ಅಂದೇ ಔಷಧ ಹಚ್ಚುತ್ತೇನೆ, ಏಕೆಂದರೆ ಆ ನೀರು ಮಲಿನವಾದದ್ದು.

ನಮ್ಮ ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಗೋಡೆಯ ಬಾಯಿಯಿಂದ ಮೊದಲ ಬಾಗು 1.2 ಮೀಟರ್, ಎರಡನೆಯದು 4 ಮೀಟರ್, ಜಿಡ್ಡು ಕೂರುವ ಜಾಗ 6.5ರಿಂದ 8 ಮೀಟರ್ ಎಂದು ಅದರಲ್ಲಿ ಬರೆದಿದೆ. ಅದರ ಕೆಳಗೆ ಕೆಲಸ ಮಾಡಿದ ದಿನಾಂಕಗಳಿವೆ. ಆರು ವರ್ಷಗಳಲ್ಲಿ ಅಲ್ಲಿ ಬರೆದ ದಿನಾಂಕಗಳು ಮೂರು.