ಏಳು ಜನರ ಹೊಸ ತಂಡ: ಎಕ್ಸ್-ಮೆನ್ ಓದಲು ಎಲ್ಲಿಂದ ಶುರು ಮಾಡಬೇಕು?

ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕ. ಸಂಜೆ ಮಕ್ಕಳಿಗೆ ಕಬಡ್ಡಿ ಕಲಿಸುತ್ತೇನೆ, ರಾತ್ರಿ ಎಕ್ಸ್-ಮೆನ್ ಎಂಬ ಅತಿಮಾನುಷ ಶಕ್ತಿಯವರ ತಂಡದ ಅಮೆರಿಕನ್ ಕಾಮಿಕ್ಸ್ ಓದುತ್ತೇನೆ. ಅರವತ್ತು ವರ್ಷಗಳ ಈ ರಾಶಿಯಲ್ಲಿ ಎಲ್ಲಿಗೆ ಕೈಹಾಕಬೇಕು ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಮೊದಲ ಸಂಚಿಕೆ ಬೇಡ, ತಂಡವನ್ನು ಹೊಸದಾಗಿ ಕಟ್ಟಿದ ಜಾಗದಿಂದ ಹಿಡಿಯಿರಿ ಎನ್ನುತ್ತೇನೆ.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಆರಂಭಿಸಿದ ಸರಣಿ 1970ರ ಹೊತ್ತಿಗೆ ಸೊರಗಿತ್ತು. ಆಮೇಲೆ ಐದು ವರ್ಷ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿದರು. 1975ರಲ್ಲಿ ಲೆನ್ ವೀನ್ ಬರೆದು ಡೇವ್ ಕಾಕ್ರಮ್ ಚಿತ್ರ ಬರೆದ 'ಜೈಂಟ್-ಸೈಜ್ ಎಕ್ಸ್-ಮೆನ್' ಬಂದಿತು. ಹಳೆಯ ತಂಡ ಕ್ರಕೋವಾ ಎಂಬ ಜೀವವಿರುವ ದ್ವೀಪದಲ್ಲಿ ಸಿಕ್ಕಿಬಿದ್ದಿದೆ. ಬಿಡಿಸಿ ತರಲು ತಂಡದ ಗುರು ಪ್ರೊಫೆಸರ್ ಎಕ್ಸ್ ದೇಶದೇಶಗಳಿಂದ ಏಳು ಜನರನ್ನು ಕರೆತರುತ್ತಾನೆ. ಕಬಡ್ಡಿ ಅಂಕಣದ ಒಂದು ಬದಿಗೆ ಎಷ್ಟು ಬೇಕೋ ಅಷ್ಟೇ ಜನ! ಮೊದಲ ಸಲ ಎಣಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ಓದುವಾಗ ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಏಳು ಹೆಸರು, ಊರು, ಶಕ್ತಿ, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ನಾಲ್ಕು ಕಾಲಂ ಸಾಕು. ವೊಲ್ವರೀನ್, ಬ್ಯಾನ್‌ಶೀ, ಸನ್‌ಫೈರ್ ಮೂವರೂ ಹಿಂದಿನ ಕಥೆಗಳಲ್ಲಿ ಮುಖ ತೋರಿಸಿದವರು. ಸ್ಟಾರ್ಮ್, ನೈಟ್‌ಕ್ರಾಲರ್, ಕಲೋಸಸ್, ಥಂಡರ್‌ಬರ್ಡ್ ಪೂರಾ ಹೊಸಬರು. ಈ ನಾಲ್ವರ ಬೆನ್ನು ಹಿಡಿಯಿರಿ. ಅವರಿಗೂ ಅಲ್ಲಿ ಏನೂ ತಿಳಿಯದು, ನಿಮಗೂ ತಿಳಿಯದು, ಆದ್ದರಿಂದ ಹಿಂದಿನ ಕಥೆ ಗೊತ್ತಿಲ್ಲವೆಂಬ ಅಳುಕು ಬೇಕಿಲ್ಲ. ಕಲೋಸಸ್ ಸೈಬೀರಿಯಾದ ರೈತರ ಹುಡುಗ. ತಂಗಿಯ ಮೇಲೆ ನುಗ್ಗುತ್ತಿರುವ ಟ್ರ್ಯಾಕ್ಟರಿಗೆ ಉಕ್ಕಿನ ಮೈಯನ್ನು ಅಡ್ಡ ಕೊಡುತ್ತಾನೆ. ತೆಂಗಿನ ತೋಟ, ರಾಗಿ ಹೊಲದಿಂದ ಬರುವ ನನ್ನ ಹುಡುಗರು ಆ ಪುಟ ಬಿಟ್ಟು ಏಳುವುದಿಲ್ಲ.

ಅಲ್ಲಿಂದ ಮುಂದೆ ಮೂಲ ಸರಣಿಯ 94ನೇ ಸಂಚಿಕೆ. ಕ್ರಿಸ್ ಕ್ಲೇರ್‌ಮಾಂಟ್ ಬರವಣಿಗೆಗೆ ಸೇರಿಕೊಂಡದ್ದು ಇಲ್ಲಿ. 1991ರವರೆಗೆ ಆತ ಬಿಡಲಿಲ್ಲ. ಆತನ ಇಂಗ್ಲಿಷ್ ದಟ್ಟ, ಒಂದೊಂದು ಚೌಕದಲ್ಲೂ ಮಾತು ತುಂಬಿರುತ್ತದೆ. ಮೊದಲು ಪುಟದ ಚಿತ್ರಗಳನ್ನಷ್ಟೇ ನೋಡಿ, ಯಾರು ಯಾರ ಪಕ್ಕ ನಿಂತಿದ್ದಾರೆ ಎಂದು ಗಮನಿಸಿ, ನಂತರ ಮಾತು ಓದಿ. ಕಾಳಗದ ಪುಟಗಳಿಗಿಂತ ಡೇಂಜರ್ ರೂಮ್ ಎಂಬ ಅಭ್ಯಾಸದ ಕೋಣೆಯ ಪುಟಗಳನ್ನು ನಿಧಾನವಾಗಿ ಓದಬೇಕು. ತಂಡ ಕೂಡಿದೆಯೋ ಇಲ್ಲವೋ ತಿಳಿಯುವುದು ಅಭ್ಯಾಸದಲ್ಲಿ. ಪಕ್ಕದವನ ಕೈ ಹಿಡಿದು ಸರಪಳಿ ಕಟ್ಟಲು ಹೊಸ ಹುಡುಗ ಹಿಂಜರಿಯುವುದನ್ನು ನಾನು ದಿನವೂ ನೋಡುತ್ತೇನೆ. ಈ ಸರಣಿಯ ಹೊಸತನವೆಲ್ಲ ಆ ಹಿಂಜರಿಕೆಯಲ್ಲಿದೆ.

95ನೇ ಸಂಚಿಕೆಗೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಯಾರ ಮಾತನ್ನೂ ಕೇಳದ ಥಂಡರ್‌ಬರ್ಡ್ ಅಲ್ಲಿ ಸಾಯುತ್ತಾನೆ. ಕಬಡ್ಡಿಯಲ್ಲಿ ಔಟಾದವನು ಎದುರಾಳಿಯೊಬ್ಬ ಔಟಾದರೆ ಅಂಕಣಕ್ಕೆ ಮರಳುತ್ತಾನೆ. ಇವನು ಮರಳಲಿಲ್ಲ. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದೆ.

ಇಷ್ಟಾದ ಮೇಲೆ 2019ಕ್ಕೆ ಹಾರಬಹುದು. ಜೊನಾಥನ್ ಹಿಕ್‌ಮನ್ ಬರೆದ 'ಹೌಸ್ ಆಫ್ ಎಕ್ಸ್' ಆರು ಸಂಚಿಕೆ, 'ಪವರ್ಸ್ ಆಫ್ ಎಕ್ಸ್' ಆರು ಸಂಚಿಕೆ. ಇವನ್ನು ಬೇರೆ ಬೇರೆಯಾಗಿ ಓದಿದರೆ ತಲೆ ಕೆಡುತ್ತದೆ. ಎರಡನ್ನೂ ಕ್ರಮವಾಗಿ ಹೆಣೆದ ಒಂದೇ ಸಂಪುಟವನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಹಾಸನದ ಅಂಗಡಿಗಳಲ್ಲಿ ಹುಡುಕಿದೆ, ನನಗೆ ಸಿಗಲಿಲ್ಲ. ಎರಡನೆಯದರಲ್ಲಿ 'ಎಕ್ಸ್' ಎಂದರೆ ಹತ್ತು ಎಂಬ ರೋಮನ್ ಅಂಕಿ: ಕಥೆ ಒಂದನೇ ವರ್ಷ, ಹತ್ತನೇ ವರ್ಷ, ನೂರನೇ ವರ್ಷ, ಸಾವಿರನೇ ವರ್ಷಗಳ ನಡುವೆ ಜಿಗಿಯುತ್ತದೆ. ಪ್ರತಿ ಬಾರಿ ಕಾಲ ಬದಲಾದಾಗ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ.

1975ರಲ್ಲಿ ನುಂಗಲು ಬಂದ ಕ್ರಕೋವಾ ದ್ವೀಪವೇ ಇಲ್ಲಿ ಅವರೆಲ್ಲರ ಮನೆ, ಅವರ ದೇಶ. ಹಳೆಯದನ್ನು ಮೊದಲು ಓದಿದವರಿಗೆ ಮಾತ್ರ ಈ ತಿರುವಿನ ಬಲ ತಟ್ಟುತ್ತದೆ. ಆ ದೇಶದಲ್ಲಿ ಐವರು ತಮ್ಮ ಶಕ್ತಿಗಳನ್ನು ಕೂಡಿಸಿ ಸತ್ತವರನ್ನು ಮರಳಿ ತರುತ್ತಾರೆ. 2022ರಲ್ಲಿ ಥಂಡರ್‌ಬರ್ಡ್‌ನ ಹೆಸರಿನಲ್ಲೇ ಒಂದು ವಿಶೇಷ ಸಂಚಿಕೆ ಬಂದಿತು. ಅದನ್ನು ಓದಿ ಮುಗಿಸಿದ ರಾತ್ರಿ ನಾನು ಹಳೆಯ ನೋಟ್‌ಬುಕ್ ತೆಗೆದು, ಗೆರೆ ಎಳೆದಿದ್ದ ಹೆಸರಿನ ಕೆಳಗೆ ಆ ಹೆಸರನ್ನು ಮತ್ತೆ ಬರೆದೆ.