ಮೊದಲು ಮಡಿಕೆ, ಆಮೇಲೆ ಚಿತ್ರ: ನಾನು ಗ್ರೀಟಿಂಗ್ ಕಾರ್ಡ್ ಮಾಡುವ ಬಗೆ

ಕಾರ್ಡ್ ಮಾಡಲು ಕೂತವರು ಸಾಮಾನ್ಯವಾಗಿ ಮೊದಲು ಬಣ್ಣದ ಡಬ್ಬಿ ತೆರೆಯುತ್ತಾರೆ. ಆಮೇಲೆ ಮಿನುಗು, ಸ್ಟಿಕ್ಕರ್, ರಿಬ್ಬನ್ ಎಲ್ಲ ಬರುತ್ತವೆ. ನಾನು ಮೊದಲು ಕೈಗೆ ತೆಗೆದುಕೊಳ್ಳುವುದು ಸ್ಕೇಲು. ಹಾಳೆಯನ್ನು ಎಲ್ಲಿ ಮಡಿಸಬೇಕು, ಮಡಿಸಿದ ಮೇಲೆ ಯಾವ ಅಂಚು ಕಾಣುತ್ತದೆ, ತೆರೆದಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಇಷ್ಟು ತೀರ್ಮಾನವಾದರೆ ಮುಕ್ಕಾಲು ಕೆಲಸ ಆದ ಹಾಗೆ. ಚಿತ್ರ ಬರೆದು ಅಭ್ಯಾಸ ಇಲ್ಲದವರೂ ಒಳ್ಳೆಯ ಕಾರ್ಡ್ ಮಾಡಬಹುದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ದಸರಾ, ಸಂಕ್ರಾಂತಿ, ಯುಗಾದಿ, ಹುಟ್ಟುಹಬ್ಬ, ಗೃಹಪ್ರವೇಶ ಅಂತ ವರ್ಷಗಳಿಂದ ಮಾಡಿ ಕಳಿಸುತ್ತ ಬಂದಿದ್ದೇನೆ. ನೋಡಿದವರು ಹೊಗಳುವುದು ಹೆಚ್ಚಾಗಿ ಚಿತ್ರವೇ ಇಲ್ಲದ ಕಾರ್ಡುಗಳನ್ನು.

ಕಾಗದದಿಂದ ಶುರು ಮಾಡುತ್ತೇನೆ. ಮಾಮೂಲಿ ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ. ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ ಎಂದು ಅರ್ಥ. ಕಾರ್ಡಿಗೆ ಇದು ತೀರಾ ತೆಳು, ನಿಲ್ಲಿಸಿದರೆ ಬಾಗುತ್ತದೆ. 200ರಿಂದ 250 ಜಿಎಸ್‌ಎಂ ನನ್ನ ಕೈಗೆ ಸರಿಯಾಗಿ ಒಗ್ಗಿದೆ. 300ಕ್ಕೆ ಹೋದರೆ ಮಡಿಕೆ ಬಿರಿಯುವ ಸಾಧ್ಯತೆ ಜಾಸ್ತಿ. ಅಂಗಡಿಯಲ್ಲಿ ಐವರಿ ಕಾರ್ಡ್ ಶೀಟ್ ಎಂದು ಕೇಳಿ. ಡ್ರಾಯಿಂಗ್ ಶೀಟ್ ಸಹ ನಡೆಯುತ್ತದೆ, ಸ್ವಲ್ಪ ಒರಟು ಅಷ್ಟೇ. ಚಾರ್ಟ್ ಪೇಪರನ್ನು ನಾನು ಮೇಲೆ ಅಂಟಿಸುವ ಪಟ್ಟಿಗಳಿಗೆ ಮಾತ್ರ ಬಳಸುತ್ತೇನೆ, ಸುರುಳಿ ಸುತ್ತಿಟ್ಟಿದ್ದರಿಂದ ಬಾಗು ಬೇಗ ಹೋಗುವುದಿಲ್ಲ. ಬೆಂಗಳೂರಿನವರಿಗೆ ಕಾಗದದ ಅಂಗಡಿಗಳ ಅವೆನ್ಯೂ ರಸ್ತೆ ಇದ್ದೇ ಇದೆ. ಮನೆಗೆ ಬಂದ ಲಗ್ನಪತ್ರಿಕೆಗಳನ್ನೂ ಎಸೆಯಬೇಡಿ. ಅವುಗಳ ಖಾಲಿ ಹಿಂಬದಿ ಬಲು ಒಳ್ಳೆಯ ಕಾಗದ.

ಇನ್ನು ಹೇಳುವ ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ನಾರಿನ ಜೊತೆ ಮಡಿಸಿದರೆ ಮಡಿಕೆ ನೀಟಾಗಿ ಕೂರುತ್ತದೆ. ನಾರಿಗೆ ಅಡ್ಡವಾಗಿ ಮಡಿಸಿದರೆ ಅಂಚು ಒಡೆದು ಬಿಳಿ ಬಿಳಿ ಚೂರು ಕಾಣುತ್ತದೆ. ಗಾಢ ಬಣ್ಣದ ಹಾಳೆಯಲ್ಲಂತೂ ಎದ್ದು ಕಾಣುತ್ತದೆ. ಗ್ರೇನ್ ತಿಳಿಯುವುದು ಸುಲಭ. ಹಾಳೆಯನ್ನು ಮಡಿಸದೆ ಸುಮ್ನೆ ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಯಾವ ಕಡೆ ಕಡಿಮೆ ತಡೆಯುತ್ತದೋ ಆ ಬಾಗಿನ ಗೆರೆಯ ಗುಂಟ ನಾರು ಓಡುತ್ತಿದೆ.

ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೆ ಓಡುತ್ತದೆ. ಹಾಗಾಗಿ ಎ4 ಹಾಳೆಯನ್ನು ಹಾಗೇ ಅರ್ಧಕ್ಕೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ನಾನು ಮೊದಲು ಹಾಳೆಯನ್ನು ಅರ್ಧಕ್ಕೆ ಕತ್ತರಿಸಿಬಿಡುತ್ತೇನೆ. 297 x 210 ಮಿಲಿಮೀಟರ್ ಹಾಳೆ 210 x 148ರ ಎರಡು ತುಂಡಾಗುತ್ತದೆ. ಆ ಒಂದೊಂದು ತುಂಡನ್ನು ಮತ್ತೆ ಅರ್ಧಕ್ಕೆ ಮಡಿಸಿದರೆ 148 x 105ರ ಕಾರ್ಡ್, ಅಂದರೆ ಎ6 ಅಳತೆ. ಈಗ ಮಡಿಕೆ ನಾರಿನ ಜೊತೆಯಲ್ಲೇ ಬಂತು. ಒಂದು ಹಾಳೆಗೆ ಎರಡು ಕಾರ್ಡ್, ಒಂದು ಚೂರೂ ಹಾಳಿಲ್ಲ. ದಪ್ಪ ಕಾರ್ಡ್ ಶೀಟುಗಳಲ್ಲಿ ಕೆಲವೊಮ್ಮೆ ಗ್ರೇನ್ ಬೇರೆ ಕಡೆ ಇರುತ್ತದೆ, ಅದಕ್ಕೆ ಹೊಸ ಕಟ್ಟು ತಂದಾಗಲೆಲ್ಲ ಒಮ್ಮೆ ಬಾಗಿಸಿ ನೋಡುತ್ತೇನೆ. ಕೈಕಾಗದದಲ್ಲಿ ಈ ತೊಂದರೆ ಇಲ್ಲ, ಅದರ ನಾರು ಎಲ್ಲ ಕಡೆಗೂ ಹರಡಿರುತ್ತದೆ.

ದಪ್ಪ ಕಾಗದವನ್ನು ಗೀರದೆ ಮಡಿಸಬಾರದು. ನನ್ನ ಸಾಮಾನು ಎಂದರೆ ಶಾಯಿ ಮುಗಿದ ಬಾಲ್ ಪೆನ್ ಮತ್ತು ಸ್ಟೀಲ್ ಸ್ಕೇಲ್. ಹಾಳೆಯ ಕೆಳಗೆ ಹಳೆಯ ಪತ್ರಿಕೆ ಮಡಿಸಿ ಇಟ್ಟು, ಮೇಲೂ ಕೆಳಗೂ ಅಳತೆ ಗುರುತು ಹಾಕಿ, ಸ್ಕೇಲ್ ಒತ್ತಿ ಹಿಡಿದು ಒಂದೇ ಎಳೆತಕ್ಕೆ ಗೀರುತ್ತೇನೆ. ಒಂದು ಬದಿಯಲ್ಲಿ ಗುಳಿ ಬೀಳುತ್ತದೆ, ಇನ್ನೊಂದು ಬದಿಯಲ್ಲಿ ಉಬ್ಬು ಏಳುತ್ತದೆ. ಮಡಿಸುವಾಗ ಉಬ್ಬು ಒಳಗೆ, ಗುಳಿ ಹೊರಗೆ ಇರಬೇಕು. ಆಗ ಹೊರಮೈಯ ಮೇಲೆ ಎಳೆತ ಕಡಿಮೆ. ಅಂಚುಗಳನ್ನು ಸೇರಿಸಿ, ನಡುವಿನಿಂದ ಹೊರಕ್ಕೆ ಚಮಚದ ಬೆನ್ನಿನಿಂದ ಉಜ್ಜಿ. ಉಗುರಿನಿಂದ ಉಜ್ಜಿದರೆ ಕಾಗದ ಹೊಳಪೇರುತ್ತದೆ, ಆ ಹೊಳಪು ಹೋಗುವುದಿಲ್ಲ.

ಈಗ ಮುಖಪುಟ. 105 ಮಿಲಿಮೀಟರ್ ಅಗಲವನ್ನು ಮೂರು ಪಾಲು ಮಾಡಿದರೆ ಒಂದೊಂದು ಸರಿಯಾಗಿ 35. ಎತ್ತರದ 148ರಲ್ಲಿ ಒಂದು ಪಾಲು ಹೆಚ್ಚುಕಡಿಮೆ 49. ಪೆನ್ಸಿಲಿನಲ್ಲಿ ತೆಳ್ಳಗೆ ಈ ಗೆರೆ ಎಳೆದುಕೊಂಡು, ಒಂದು ಪಾಲಿನಲ್ಲಿ ಮಾತ್ರ ಏನಾದರೂ ಇಡುತ್ತೇನೆ. ಉಳಿದ ಎರಡು ಪಾಲು ಖಾಲಿ. ಖಾಲಿ ಬಿಡುವುದಕ್ಕೆ ಮೊದಮೊದಲು ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಆದರೆ ಖಾಲಿ ಜಾಗವೇ ಆ ಒಂದು ಪಾಲನ್ನು ಎತ್ತಿ ತೋರಿಸುವುದು. ನಡುವಿನಲ್ಲಿ ಇಡಲೇಬೇಕು ಅನ್ನಿಸಿದರೆ ಅಳತೆಯ ನಡುವಿಗಿಂತ ತುಸು ಮೇಲಕ್ಕೆ ಇಡಿ. ಸರಿಯಾಗಿ ನಡುವಿನಲ್ಲಿಟ್ಟದ್ದು ಕಣ್ಣಿಗೆ ಕೆಳಗೆ ಜಾರಿದಂತೆ ಕಾಣುತ್ತದೆ.

ನಾನು ಹೆಚ್ಚು ಮಾಡುವ ವಿನ್ಯಾಸ ಬಹಳ ಸರಳ. ಮುಖಪುಟದ ಬಲ ಅಂಚಿನಿಂದ 25 ಮಿಲಿಮೀಟರ್ ಕತ್ತರಿಸಿಬಿಡುವುದು. ಕಾರ್ಡ್ ಮುಚ್ಚಿದ್ದಾಗಲೂ ಒಳಪುಟದ ಒಂದು ಪಟ್ಟಿ ಹೊರಗೆ ಕಾಣುತ್ತದೆ. ಆ ಪಟ್ಟಿಗೆ ಮಣ್ಣುಗೆಂಪು ಬಣ್ಣದ ಕಾಗದ ಅಂಟಿಸಿ, ಬಿಳಿ ಜೆಲ್ ಪೆನ್ನಿನಲ್ಲಿ ಹಸೆ ಚಿತ್ತಾರದ ಗೆರೆ ಎಳೆಯುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಮನೆಗಳ ಕೆಮ್ಮಣ್ಣಿನ ಗೋಡೆ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಚಿತ್ತಾರ ಅದು. ಸಮಾನ ದೂರದ ನೇರ ಗೆರೆಗಳು, ತ್ರಿಕೋನ, ಚೌಕ ಇಷ್ಟರಿಂದಲೇ ಎಷ್ಟು ತುಂಬಿದ ಅಂಚು ಮೂಡುತ್ತದೆ ಎನ್ನುವುದನ್ನು ಅವರಿಂದ ಕಲಿಯಬೇಕು. ಧಾರವಾಡದ ಕಡೆಯ ಕಸೂತಿಯೂ ಹಾಗೇ, ಎಳೆ ಎಣಿಸಿ ಹಾಕುವ ಹೊಲಿಗೆ. ಅದನ್ನು ಗ್ರಾಫ್ ಹಾಳೆಯ ಚೌಕಗಳಿಗೆ ಇಳಿಸಿಕೊಳ್ಳುವುದು ಸಲೀಸು.

ಅಕ್ಷರದ ಬಗ್ಗೆ ಸ್ವಲ್ಪ ನಿಲ್ಲಬೇಕು. ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಸಿಗುವ ಲೇಔಟುಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ಕನ್ನಡವನ್ನು ಅದರಲ್ಲಿ ಕೂರಿಸಿದರೆ ಇಕ್ಕಟ್ಟಾಗುತ್ತದೆ. ನಮ್ಮಲ್ಲಿ ಗುಡಿಸು ಮೇಲೆ ಏಳುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಹುಟ್ಟುಹಬ್ಬದ’ ಎಂದು ಬರೆದು ಅದರ ಕೆಳಗೇ ‘ಹಾರ್ದಿಕ’ ಎಂದು ಬರೆದರೆ ಮೇಲಿನ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಕ್ಷರದ ಎತ್ತರ 8 ಮಿಲಿಮೀಟರ್ ಇದ್ದರೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 16 ಮಿಲಿಮೀಟರ್ ಬಿಡುತ್ತೇನೆ. ‘ಯುಗಾದಿ’, ‘ದೀಪಾವಳಿ’, ‘ದಸರಾ’ಗಳಲ್ಲಿ ಒತ್ತು ಇಲ್ಲ, ಅಲ್ಲಿ ತುಸು ಕಡಿಮೆ ಮಾಡಬಹುದು. ‘ಶುಭಾಶಯಗಳು’ ತುಂಬ ಅಗಲದ ಪದ, ಕಾರ್ಡಿನ ಮುಕ್ಕಾಲು ಅಗಲ ತಿನ್ನುತ್ತದೆ. ಅದನ್ನು ಒಡೆದು ಎರಡು ಸಾಲು ಮಾಡಬೇಡಿ. ಕೊನೆಯ ಸಾಲಿಗೆ ಒಂದೇ ಇಡಿ, ಉಳಿದದ್ದನ್ನು ಅದರ ಎಡ ಅಂಚಿಗೆ ಸರಿಯಾಗಿ ಮೇಲೆ ಕೂರಿಸಿ. ಹೀಗೆ ಎಡಕ್ಕೆ ಜೋಡಿಸಿದ ಕನ್ನಡ ನನಗೆ ನಡುವಿಗೆ ಜೋಡಿಸಿದ್ದಕ್ಕಿಂತ ಯಾವಾಗಲೂ ಚೆಂದ ಕಾಣುತ್ತದೆ.

ಗೃಹಪ್ರವೇಶಕ್ಕೆ ಬಾಗಿಲಿನ ಮಡಿಕೆ ಮಾಡುತ್ತೇನೆ. ಎ4 ಹಾಳೆಯನ್ನು ಈ ಸಲ ಉದ್ದಕ್ಕೆ ಸೀಳಬೇಕು, 297 x 105ರ ಪಟ್ಟಿ ಬರುತ್ತದೆ. ಎರಡೂ ತುದಿಯಿಂದ 74 ಮಿಲಿಮೀಟರಿಗೆ ಗೀರಿದರೆ ನಡುವೆ 149 ಉಳಿಯುತ್ತದೆ. ಎರಡೂ ರೆಕ್ಕೆ ಮಡಿಸಿದಾಗ ಬಾಗಿಲುಗಳ ನಡುವೆ ಒಂದು ಮಿಲಿಮೀಟರ್ ಸಂದು ಇರುತ್ತದೆ. ಆ ಸಂದು ಬೇಕೇ ಬೇಕು, ಇಲ್ಲದಿದ್ದರೆ ಬಾಗಿಲು ಒಂದಕ್ಕೊಂದು ತಾಗಿ ಉಬ್ಬುತ್ತದೆ. ಮುಗಿದಾಗ ಇದೂ ಎ6 ಅಳತೆಗೇ ಬರುತ್ತದೆ, ಅದೇ ಲಕೋಟೆ ಸಾಕು. ಇಲ್ಲಿ ಮಡಿಕೆ ನಾರಿಗೆ ಅಡ್ಡ ಬೀಳುವುದರಿಂದ 200 ಜಿಎಸ್‌ಎಂ ಮೀರಿದ ಹಾಳೆ ತೆಗೆದುಕೊಳ್ಳುವುದಿಲ್ಲ. ಬಾಗಿಲ ಮೇಲೆ ಹಸಿರು ಕಾಗದದ ಸಣ್ಣ ಮಾವಿನೆಲೆಗಳನ್ನು ಸಾಲಾಗಿ ಅಂಟಿಸಿದರೆ ತೋರಣ. ಒಂದೊಂದು ಎಲೆಯನ್ನೂ ನಡುವೆ ಉದ್ದಕ್ಕೆ ಮಡಿಸಿ ಬಿಡಿಸಿ, ಮೇಲಿನ ತುದಿಗೆ ಮಾತ್ರ ಅಂಟು ಹಚ್ಚಿ. ಎಲೆ ಸ್ವಲ್ಪ ಎದ್ದು ನಿಲ್ಲುತ್ತದೆ. ಬೇರೆ ಅಲಂಕಾರ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದಸರಾ ಗೊಂಬೆಯ ಕಾರ್ಡ್. ತೆರೆದರೆ ಮೂರು ಮೆಟ್ಟಿಲು ಎದ್ದು ನಿಲ್ಲುತ್ತದೆ. ಮೈಸೂರು ಕಡೆ ಗೊಂಬೆ ಕೂರಿಸುವ ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು ಎನ್ನುತ್ತಾರೆ, ಮೂರು ಅದಕ್ಕೂ ಹೊಂದಿತು. ಇದಕ್ಕೆ ಬೇಕಾದದ್ದು ಎರಡೇ ಕತ್ತರಿ ಗೆರೆ.

210 x 148ರ ತುಂಡನ್ನು ಎತ್ತರಕ್ಕೆ ನಿಲ್ಲಿಸಿ ಹಿಡಿಯಿರಿ. ಸರಿಯಾಗಿ ನಡುವೆ ಅಡ್ಡ ಮಡಿಕೆ. ಮೇಲಿನ ಅರ್ಧ ಗೋಡೆ, ಕೆಳಗಿನ ಅರ್ಧ ನೆಲ. ಎಡ ಬಲ ಎರಡೂ ಕಡೆ 34 ಮಿಲಿಮೀಟರ್ ಬಿಟ್ಟು, ಮಡಿಕೆಯ ಮೇಲೆ 45ರಿಂದ ಕೆಳಗೆ 45ರ ತನಕ ಎರಡು ಉದ್ದ ಗೆರೆ ಕಟ್ಟರಿನಿಂದ ಕತ್ತರಿಸಿ. ನಡುವೆ 80 ಅಗಲ, 90 ಉದ್ದದ ಪಟ್ಟಿ ಸಿಗುತ್ತದೆ. ಅದರ ಮೇಲ್ತುದಿ ಗೋಡೆಗೆ, ಕೆಳತುದಿ ನೆಲಕ್ಕೆ ಅಂಟಿಕೊಂಡೇ ಇರಬೇಕು. ಈಗ ಆ ಪಟ್ಟಿಯ ಮೇಲೆ ಪ್ರತಿ 15 ಮಿಲಿಮೀಟರಿಗೆ ಒಂದು ಅಡ್ಡ ಗೀರು. ಎರಡು ತುದಿಯ ಗೀರೂ ಸೇರಿ ಏಳು ಆಗುತ್ತವೆ. ಮೇಲಿನದು ಒಳಮಡಿಕೆ (ಗೆರೆ ಹಿಂದಕ್ಕೆ ಸರಿಯುತ್ತದೆ), ಅದರ ಕೆಳಗಿನದು ಹೊರಮಡಿಕೆ (ಗೆರೆ ನಿಮ್ಮ ಕಡೆಗೆ ಚಾಚುತ್ತದೆ), ಮತ್ತೆ ಒಳ, ಮತ್ತೆ ಹೊರ, ಹೀಗೇ ಕೊನೆಯ ತನಕ. ಕಾರ್ಡನ್ನು ಅರ್ಧ ತೆರೆದು ಹಿಡಿದು, ಹಿಂದಿನಿಂದ ಬೆರಳಿನಲ್ಲಿ ಪಟ್ಟಿಯನ್ನು ಮುಂದಕ್ಕೆ ತಳ್ಳುತ್ತ ಒಂದೊಂದೇ ಮಡಿಕೆ ಕೂರಿಸಿ. ಆತುರ ಬೇಡ. ಎಲ್ಲ ಕೂತ ಮೇಲೆ ಕಾರ್ಡ್ ಮುಚ್ಚಿ ಒಮ್ಮೆ ಗಟ್ಟಿಯಾಗಿ ಒತ್ತಿ.

ಇದು ಯಾಕೆ ತಾನಾಗಿ ಕೂರುತ್ತದೆ ಎಂದರೆ, ಮೂರು ಮೆಟ್ಟಿಲಿನ ಒಟ್ಟು ಎತ್ತರ 45, ಗೋಡೆಯಿಂದ ಮುಂದಕ್ಕೆ ಒಟ್ಟು ಆಳ 45, ಎರಡೂ ಸೇರಿ ಪಟ್ಟಿಯ ಉದ್ದ 90. ಈ ಲೆಕ್ಕ ಗೊತ್ತಿದ್ದರೆ ಐದು ಮೆಟ್ಟಿಲನ್ನೂ ಮಾಡಬಹುದು, ಒಂದೊಂದಕ್ಕೂ 9 ಮಿಲಿಮೀಟರ್. ಇನ್ನೊಂದು ವಿಷಯ: ಎದ್ದು ನಿಂತ ಯಾವುದೇ ತುದಿ ಮುಚ್ಚಿದ ಕಾರ್ಡಿನಿಂದ ಹೊರಗೆ ಇಣುಕಬಾರದು. ಆ ತುದಿ ಗೋಡೆಯಿಂದ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಮೇಲಿದೆ ಎರಡನ್ನೂ ಕೂಡಿ. ಮೊತ್ತ 105ರ ಒಳಗಿದ್ದರೆ ಮುಚ್ಚಿದಾಗ ಒಳಗೇ ಉಳಿಯುತ್ತದೆ. ನಮ್ಮ ಮೆಟ್ಟಿಲಿನ ತುದಿಗಳಿಗೆ ಅದು 60 ಮಾತ್ರ. ಹಾಗಾಗಿ ಗೊಂಬೆಗಳಿಗೆ ಧಾರಾಳ ಜಾಗ ಇದೆ. ಪಟ್ಟದ ಗೊಂಬೆ ರಾಜ ರಾಣಿಯನ್ನು ಮೇಲಿನ ಮೆಟ್ಟಿಲಿಗೆ, ಆನೆ ಕುದುರೆಯನ್ನು ನಡುವಿಗೆ, ಚೆಟ್ಟಿಯಾರ ದಂಪತಿಯನ್ನು ಕೆಳಕ್ಕೆ. ಬಣ್ಣದ ಕಾಗದದಲ್ಲಿ ಸರಳ ಆಕಾರ ಕತ್ತರಿಸಿದರೆ ಸಾಕು, ಕಣ್ಣು ಮೂಗು ಬರೆಯಬೇಕಿಲ್ಲ. ಗೊಂಬೆಯ ಕೆಳಭಾಗವನ್ನು ಮೆಟ್ಟಿಲಿನ ನಿಂತ ಮುಖಕ್ಕೆ ಅಂಟಿಸಿ, ಮೇಲ್ಭಾಗ ಬಿಡಿಯಾಗಿರಲಿ.

ಅಂಟಿನಲ್ಲಿ ನೀರು ಜಾಸ್ತಿ ಇದ್ದರೆ ಕಾಗದ ಸುಕ್ಕಾಗುತ್ತದೆ. ಫೆವಿಕಾಲನ್ನು ಬೆಂಕಿಕಡ್ಡಿ ತುದಿಯಲ್ಲಿ ಚುಕ್ಕಿ ಇಡಲು ಮಾತ್ರ ಬಳಸುತ್ತೇನೆ. ದೊಡ್ಡ ಹಾಳೆಗೆ ಗ್ಲೂ ಸ್ಟಿಕ್ ಇಲ್ಲವೇ ಎರಡು ಬದಿಯ ಟೇಪ್. ಮೆಟ್ಟಿಲು ಕತ್ತರಿಸಿದ ಹಾಳೆಯ ಹಿಂದೆ ದೊಡ್ಡ ಕಿಂಡಿ ಉಳಿಯುತ್ತದಲ್ಲ, ಅದನ್ನು ಮುಚ್ಚಲು ಅದೇ ಅಳತೆಯ ಇನ್ನೊಂದು ಮಡಿಸಿದ ಹಾಳೆಯನ್ನು ಹೊರಹೊದಿಕೆಯಾಗಿ ಅಂಟಿಸಬೇಕು. ಮೆಟ್ಟಿಲಿನ ಹಿಂಬದಿಗೆ ಅಂಟು ತಾಗದಂತೆ ಸುತ್ತಲಿನ ಅಂಚಿಗೆ ಮಾತ್ರ ಟೇಪ್ ಹಾಕಿ.

ಲಕೋಟೆಯನ್ನೂ ಮನೆಯಲ್ಲೇ ಮಾಡಿ. ಎ4 ಹಾಳೆಯಿಂದ 210 x 210ರ ಚೌಕ ಕತ್ತರಿಸಿ. ಚೌಕವನ್ನು ಮೂಲೆ ಮೇಲಾಗಿ ತಿರುಗಿಸಿ, ನಡುವೆ ಕಾರ್ಡನ್ನು ಅಡ್ಡ ಇಟ್ಟು, ಸುತ್ತ ಎರಡು ಮಿಲಿಮೀಟರ್ ಬಿಟ್ಟು ನಾಲ್ಕೂ ಮೂಲೆ ಒಳಕ್ಕೆ ಮಡಿಸಿ. ಎಡ ಬಲದ ಮೂಲೆಗಳು ನಡುವೆ ಹೆಚ್ಚುಕಡಿಮೆ ಸೇರುತ್ತವೆ, ಕೆಳಗಿನ ಮೂಲೆ ಅವುಗಳನ್ನು ಮುಚ್ಚುತ್ತದೆ. 100 ಜಿಎಸ್‌ಎಂ ಕಾಗದ ಇದಕ್ಕೆ ಸರಿ. ವಿಳಾಸವನ್ನು ಕಾರ್ಡ್ ಒಳಗೆ ಹಾಕುವ ಮೊದಲೇ ಬರೆಯಿರಿ, ಇಲ್ಲದಿದ್ದರೆ ಪೆನ್ನಿನ ಒತ್ತು ಗೊಂಬೆಗಳ ಮೇಲೆ ಮೂಡುತ್ತದೆ.

ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಎ4 ಹಾಳೆ ಎಂದರೆ ಚದರ ಮೀಟರಿನ ಹದಿನಾರನೇ ಒಂದು ಭಾಗ. 250 ಜಿಎಸ್‌ಎಂ ಆದರೆ ಇಡೀ ಹಾಳೆ 15.6 ಗ್ರಾಂ, ಅದರ ಅರ್ಧದಿಂದ ಮಾಡಿದ ಸಾದಾ ಕಾರ್ಡ್ 7.8 ಗ್ರಾಂ. ಲಕೋಟೆ ಸುಮಾರು 4 ಗ್ರಾಂ. ಅಂಚೆಯಲ್ಲಿ ಕಾಗದಕ್ಕೆ ಮೊದಲ ಹಂತ 20 ಗ್ರಾಂ, ಸಾದಾ ಕಾರ್ಡ್ ಅದರೊಳಗೆ ಆರಾಮಾಗಿ ಹೋಗುತ್ತದೆ. ದಸರಾ ಕಾರ್ಡಿಗೆ ಎರಡು ಅರ್ಧ ಹಾಳೆ, ಗೊಂಬೆ, ಟೇಪ್, ಲಕೋಟೆ ಎಲ್ಲ ಸೇರಿ 20ರ ಆಸುಪಾಸಿಗೆ ಬಂದಿರುತ್ತದೆ. ದಾರಿಯಲ್ಲಿ ಮಡಚದಿರಲಿ ಎಂದು ತೆಳು ರಟ್ಟಿನ ತುಂಡೊಂದನ್ನು ಜೊತೆಗೆ ಇಟ್ಟರೆ ದಾಟಿಯೇ ಬಿಡುತ್ತದೆ. ಅದನ್ನು ಡಬ್ಬಿಗೆ ಹಾಕದೆ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ತೂಗಿಸಿ, ಬೇಕಾದಷ್ಟು ಸ್ಟಾಂಪ್ ಹಚ್ಚಿ ಕೊಡುತ್ತೇನೆ. ಸ್ಟಾಂಪ್ ಕಡಿಮೆ ಬಿದ್ದರೆ ತಲುಪಿದವರೇ ದುಡ್ಡು ಕಟ್ಟಬೇಕಾಗುತ್ತದೆ.